ಸ್ಟೀಲ್ ಡಬ್ಬಿಯ ಚೀಟಿ

ಇರಣ್ಣ ಸಿನಿಮಾ ನೋಡುತ್ತಿರಲಿಲ್ಲ. ನೋಡುತ್ತಿದ್ದವರ ಕೈಗಳನ್ನು ನೋಡುತ್ತಿದ್ದ. ಅವುಗಳಲ್ಲಿ ಒಂದು ಕೈ ಆರು ವರ್ಷದ ಹಿಂದೆ ಅವನ ಹೊಟ್ಟೆಗೆ ಬೆಂಕಿ ಇಟ್ಟಿತ್ತು.

ಅಮೆರಿಕದ ಫ್ರಿಸ್ಕೋ ಊರಿನ ಸಭಾಂಗಣದಲ್ಲಿ ಕನ್ನಡ ಸಂಘದ ನಲವತ್ತು ಮಂದಿ ಕೂತಿದ್ದರು. ಪರದೆಯ ಮೇಲೆ ರೊಮೇನಿಯಾದ ಹಾಸ್ಯಚಿತ್ರ. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ, ತನ್ನ ಮೇಲೆ ಪೊಲೀಸರಿಗೆ ಚಾಡಿ ಹೇಳಿದವರು ಯಾರೆಂದು ಒಬ್ಬ ಮುದುಕ ಹಳೆಯ ಕಡತ ಹಿಡಿದು ಹುಡುಕುತ್ತಾನೆ. ಪಾತ್ರಗಳ್ಯಾವುವೂ ನಗುವುದಿಲ್ಲ. ಆಸ್ಟಿನ್ನಿನ ವಿಮರ್ಶಕರು ಹಾಡಿ ಹೊಗಳಿದ್ದರು, ಹ್ಯೂಸ್ಟನ್ನಿನವರು ಆಕಳಿಸಿದ್ದರು. ಇರಣ್ಣನಿಗೆ ಬೇಕಿದ್ದದ್ದೂ ಇಂಥದ್ದೇ: ನೋಡಿದವರು ಸುಮ್ಮನಿರದೆ ಬರೆಯುವಂಥದ್ದು.

ನೋಡಿದ್ದರ ಬಗ್ಗೆ ಹೆಸರು ಹಾಕದೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕುವುದು ಸಂಘದ ಪದ್ಧತಿ. ನಡುವೆ ನಿಂತುಹೋಗಿದ್ದ ಅದನ್ನು ಮತ್ತೆ ಶುರು ಮಾಡಿಸಿದವನೇ ಇರಣ್ಣ. 2011ರಲ್ಲಿ ಹತ್ತಿರದ ಊರು ಕಾಪೆಲ್‌ನಲ್ಲಿ ಒಂದೇ ಸಂಜೆ ಎರಡು ನಾಟಕ ಆಗಿದ್ದವು. ಮೊದಲು ಶ್ಯಾಮಸುಂದರರು ಬರೆದದ್ದು, ಆಮೇಲೆ ಇರಣ್ಣ ಬರೆದದ್ದು. ತನ್ನ ನಾಟಕಕ್ಕೆ ಇರಣ್ಣನೇ ರಾವಣ, ಅಂಗೈವರೆಗೂ ಹಸಿ ಬಣ್ಣ ಬಳಿದುಕೊಂಡು, ಪರದೆಯ ಮರೆಯಲ್ಲಿ ನಿಂತೇ ಮೊದಲ ನಾಟಕ ನೋಡಿ ಮೂಗು ಮುರಿದಿದ್ದ. ಎಲ್ಲ ಮುಗಿದು, ಎರಡೂ ನಾಟಕಕ್ಕೆ ಇಟ್ಟಿದ್ದ ಡಬ್ಬಿ ತೆರೆದಾಗ ಅವನ ಕೈಗೆ ಬಂದದ್ದು ಈ ಚೀಟಿ: "ಬರೆದವರು ಪೆನ್ನು ಬಿಟ್ಟು ಸೌಟು ಹಿಡಿಯಲಿ."

ಅಂದಿನಿಂದ ಇರಣ್ಣ ಒಂದು ಸಾಲೂ ಬರೆದಿಲ್ಲ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು, ಆ ಅಕ್ಷರ ಮತ್ತೆ ಕಣ್ಣಿಗೆ ಬೀಳಲೆಂದು ಹಲ್ಲು ಮಸೆಯುತ್ತಿದ್ದ. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಇರಣ್ಣನದ್ದು ಇನ್ನೂ ಅರ್ಧ ದಾರಿಯಲ್ಲಿತ್ತು. ವರ್ಷಕ್ಕೊಂದು ನಾಟಕ ಬರೆದು ಚಪ್ಪಾಳೆ ಗಿಟ್ಟಿಸುತ್ತಿದ್ದ ಶ್ಯಾಮಸುಂದರರೇ ಅವನಿಗೆ ಸಮಾಧಾನ ಹೇಳುವವರು.

"ಸಿಕ್ಕಿದ್ರೆ ಸುಮ್ನೆ ಬಿಡ್ಬೇಡಿ ಇರಣ್ಣ," ಎಂದು ಇವತ್ತೂ ಹೇಳಿದ್ದರು. "ಎಲ್ರೆದುರು ಕ್ಷಮೆ ಕೇಳಿಸ್ಬೇಕು."

ಸಿನಿಮಾ ಮುಗಿಯಿತು. ಡಬ್ಬಿ ತುಂಬಿತು. ಇರಣ್ಣ ವೇದಿಕೆ ಹತ್ತಿ ಒಂದೊಂದೇ ಓದಿದ. "ನಿದ್ದೆ ಬಂತು." "ಅದ್ಭುತ." "ಇದು ಹಾಸ್ಯ ಅಂತ ಮೊದಲೇ ಹೇಳಬಾರದಿತ್ತೇ?" ಹನ್ನೊಂದನೆಯ ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ತಂದ. ಅದೇ ಎಡಕ್ಕೆ ವಾಲಿದ ಅಕ್ಷರ, ಅದೇ ಉದ್ದ ಬಾಲದ ಕೊಂಬು. "ಬೇರೆಯವರ ಕಡತವನ್ನು ತನ್ನದೆಂದು ತಿಳಿದು ಇಪ್ಪತ್ತು ವರ್ಷ ಕುದ್ದ ಮುದುಕ! ನಕ್ಕು ನಕ್ಕು ಸಾಕಾಯಿತು."

ಏನು ಬರೆದಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

"ಇದನ್ನ ಬರದವ್ರು ಎದ್ದು ನಿಲ್ರಿ!" ಇರಣ್ಣ ಗುಡುಗಿದ. ಪರ್ಸಿನಿಂದ ಹಳೆಯ ಚೀಟಿ ತೆಗೆದು ಅದನ್ನೂ ಓದಿದ. "ಇದೂ ನಿಮ್ದ ಅಲ್ಲೇನ್ರಿ? ಆರು ವರ್ಷ ನನ್ನ ಪೆನ್ನು ಕಸ್ಕೊಂಡ್ರಿ. ಎಲ್ಲಾರ ಮುಂದ ಕ್ಷಮಾ ಕೇಳ್ರಿ!"

ಎದ್ದು ನಿಂತವಳು ಪ್ರಭಾ. ಆರು ವರ್ಷದ ಹಿಂದಿನ ಆ ನಾಟಕದ ಸಂಜೆ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮರೆತ ಮಾತು ನೆನಪಿಸುತ್ತಿದ್ದವಳು.

"ಬರೆದಿದ್ದು ನಾನೇ ಅಂಕಲ್. ಆದ್ರೆ ಬರೆಸಿದ್ದು ನೀವು. 'ನನ್ನ ಕೈಗೆ ಬಣ್ಣ ಐತಿ, ಈ ನಾಟಕಕ್ಕ ಖಾರ ಹಚ್ಚಿ ನೀನ ಏನಾರ ಬರದು ಹಾಕವ್ವಾ' ಅಂದ್ರಲ್ಲ? ನಿಮ್ಮ ನಾಟಕ ಆಗಿನ್ನೂ ಶುರುವೇ ಆಗಿರ್ಲಿಲ್ಲ."

ಮುಂದಿನ ಸಾಲಿನಲ್ಲಿ ಶ್ಯಾಮಸುಂದರರು ನಿಧಾನವಾಗಿ ಎದ್ದು ಕೈ ಚಾಚಿದರು: "ಹಾಗಾದ್ರೆ ಆ ಚೀಟಿ ನಂದು, ಕೊಡಿ ಇರಣ್ಣ. ಕ್ಷಮೆ ಆಮೇಲೆ ಕೇಳೋರಂತೆ."