ರಾಜಿಯ ಬಾಟಲಿ

ನೆಲಮಾಳಿಗೆಯಲ್ಲಿ ಎರಡನೆಯ ಬಾಟಲಿಯೂ ಢಬ್ಬೆಂದು ಸಿಡಿದಾಗ ಡ್ವೇನ್‌ಗೆ ತಾನು ಮಾಡಿದ ಎಡವಟ್ಟು ಹೊಳೆಯಿತು. ಮನೆಯಲ್ಲೇ ಮಾಡಿದ ಬಿಯರ್ ಅದು. ನೊರೆ ಬರಲೆಂದು ಬಾಟಲಿಗೆ ತುಂಬುವ ಮೊದಲು ಹಾಕುವ ಸಕ್ಕರೆಯನ್ನು ಈ ಮರೆಗುಳಿ ಮಹಾರಾಯ ಎರಡು ಸಲ ಸುರಿದಿದ್ದ. ಈಗ ಒಳಗೆ ಗ್ಯಾಸು ಕಟ್ಟಿ ಗಾಜನ್ನೇ ಒಡೆಯುತ್ತಿತ್ತು. ಮರುಗಳಿಗೆ ಅವನ ಜೀವ ಬಾಯಿಗೆ ಬಂತು. ಒಂದು ಬಾಟಲಿ ನಾರ್ಬರ್ಟ್ ಮನೆಯಲ್ಲಿತ್ತು.

ಪಕ್ಕದ ಮನೆಯ ನಾರ್ಬರ್ಟ್ ಬೇಲಿಯ ಮೇಪಲ್ ಮರವನ್ನು ಹೇಳದೆ ಕೇಳದೆ ಕಡಿಸಿದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ವರ್ಷಗಳೇ ಕಳೆದಿದ್ದವು. ಮೊನ್ನೆ ಕ್ರಿಸ್ಮಸ್‌ಗೆ ಡ್ವೇನ್ ತಾನೇ ಸೋತು, ಒಂದು ಬಾಟಲಿ ಕೊಟ್ಟು ಕೈ ಕುಲುಕಿ ಬಂದಿದ್ದ. ಈಗ ಫೋನ್ ಮಾಡಿದರೆ ಆಸಾಮಿ ಎತ್ತುತ್ತಿಲ್ಲ. ಮಗ ಐಸ್-ಹಾಕಿ ಆಟಕ್ಕೆ ಬಳಸುವ ಗಟ್ಟಿ ಮುಖವಾಡ ತೊಟ್ಟು, ದಪ್ಪ ಕಂಬಳಿ ಹಿಡಿದು, ಹಿಮದಲ್ಲಿ ಏಳುತ್ತ ಬೀಳುತ್ತ ಓಡಿದ.

ಬಾಗಿಲು ತೆರೆದ ನಾರ್ಬರ್ಟ್ ಮೇಲಿಂದ ಕೆಳಗೆ ನೋಡಿದ. "ಏನಪ್ಪಾ ಇದು ವೇಷ?"

"ಬಾಟಲಿ ಎಲ್ಲಿ? ಕುಡಿದ್ಯಾ?"

"ಇಲ್ಲ. ಇಷ್ಟು ವರ್ಷ ಆದ್ಮೇಲೆ ಕೊಟ್ಟಿದ್ದೀಯ ಅಂತ ಎತ್ತಿಟ್ಟಿದ್ದೀನಿ. ನೋಡಲ್ಲಿ."

ಉರಿಯುತ್ತಿದ್ದ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ, ತೀರಿಕೊಂಡ ಹೆಂಡತಿಯ ಫೋಟೋ ಪಕ್ಕ, ಬಾಟಲಿ ಬೆಚ್ಚಗೆ ಕೂತಿತ್ತು. ನಾರ್ಬರ್ಟ್‌ನ ಕುರ್ಚಿ ಅದರ ಎದುರಿಗೇ ಇತ್ತು.

"ಹತ್ರ ಹೋಗ್ಬೇಡ. ಸಕ್ಕರೆ ಜಾಸ್ತಿಯಾಗಿದೆ, ಅದು ಸಿಡಿಯುತ್ತೆ."

ನಾರ್ಬರ್ಟ್ ಮುಖ ಗಂಟಿಕ್ಕಿದ. "ಅಂದ್ರೆ ಬೇಕಂತಲೇ ಕೊಟ್ಯಾ? ಮರದ ಸೇಡು ಇನ್ನೂ ತೀರಿಲ್ವಾ?"

ಡ್ವೇನ್ ಮುಖವಾಡ ಬಿಚ್ಚಿ ಅವನ ಕೈಗೆ ತುರುಕಿದ. "ಹಾಕ್ಕೋ. ದೂರ ನಿಲ್ಲು" ಎಂದವನೇ ಬರಿಮುಖದಲ್ಲಿ ಹೋಗಿ ಬಾಟಲಿಗೆ ಕಂಬಳಿ ಸುತ್ತಿ, ಎದೆಗೆ ಅವಚಿಕೊಂಡು ಬಾಗಿಲ ಕಡೆ ಹೆಜ್ಜೆ ಹೆಜ್ಜೆಯಾಗಿ ನಡೆದ.

ಗ್ಯಾಸಿನ ಒತ್ತಡ ಇಳಿಯಲೆಂದು ಹಿಮದಲ್ಲಿ ಹೂತ ಬಾಟಲಿ ಚೆನ್ನಾಗಿ ತಣ್ಣಗಾಗುವ ತನಕ ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ಆಮೇಲೆ ಡ್ವೇನ್ ಕಂಬಳಿಯೊಳಗೇ ಓಪನರ್ ತೂರಿಸಿ ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತಿದ. ಗ್ಯಾಸು ಬುಸ್ಸೆಂದಿತು. ನೊರೆ ಉಕ್ಕಿ ಕಂಬಳಿಯನ್ನೆಲ್ಲ ತೋಯಿಸಿತು.

ತಳದಲ್ಲಿ ಉಳಿದದ್ದು ಎರಡು ಗುಟುಕು. ನಾರ್ಬರ್ಟ್ ಮುಖವಾಡವನ್ನು ಹಣೆಗೇರಿಸಿ, ಒಳಗಿಂದ ಲೋಟ ತಂದು ಇಬ್ಬರಿಗೂ ಬಗ್ಗಿಸಿದ. ಕುಡಿದು ಮುಖ ಸಿಂಡರಿಸಿದ.

"ಡ್ವೇನ್, ಇದನ್ನ ಸಿಡಿಯೋಕೆ ಬಿಟ್ಟಿದ್ರೇ ವಾಸಿಯಿತ್ತು."

ಹಾಗಂದವನು ಮುಖವಾಡ ಕಳಚಿ, ತಾನೇ ಡ್ವೇನ್‌ನ ತಲೆಗೆ ತೊಡಿಸಿ, ಪಟ್ಟಿ ಬಿಗಿದ. "ನಡಿ, ನಿನ್ನ ಮನೇಲಿ ಉಳಿದಿರೋದನ್ನೂ ಬಿಚ್ಚೋಣ."