ಕಾಲುವೆಯೊಳಗಿನ ಹಾಡು

ಕೋಟೆಗೆ ಮುತ್ತಿಗೆ ಹಾಕಿದ ಶತ್ರುಗಳು, ಊರಿಗೆ ನೀರು ತರುತ್ತಿದ್ದ ರೋಮನ್ನರ ಕಾಲದ ಕಲ್ಲುಕಾಲುವೆಯನ್ನು ಹೊರಗೇ ಒಡೆದಿದ್ದರು. ಆ ದಿನ ಹೂಳು ತೆಗೆಯಲು ಅದರ ಸುರಂಗಕ್ಕೆ ಇಳಿದಿದ್ದ ಕೆಲಸಗಾರ ಮರಳಿರಲಿಲ್ಲ. ಒಳಗಿರುವಷ್ಟು ಹೊತ್ತೂ ಅವನು ಹೆಂಡತಿಯ ಹೆಸರು ಸೇರಿಸಿ ತಾನೇ ಕಟ್ಟಿದ ಹಾಡನ್ನು ಹಾಡುತ್ತಿದ್ದ. ಅದು ಕೇಳಿಸಿದರೆ ಅವನು ಬದುಕಿದ್ದಾನೆಂದು ಮೇಲೆ ಕೂತ ಅವಳಿಗೆ ಗೊತ್ತಾಗುತ್ತಿತ್ತು.

ಇಂದು ಒಣಗಿದ ಕಾಲುವೆಯೊಳಗಿಂದ, ಕೋಟೆಯೊಳಗೆ ಸುರಂಗದ ಬಾಯಿಗೆ ಹಾಕಿದ್ದ ಬಾಗಿಲ ಕೆಳಗೆ, ಅದೇ ಹಾಡು ಕೇಳಿಬಂತು.

"ಬಾಗಿಲು ತೆಗಿ ಅಣ್ಣಾ, ನನ್ ಗಂಡ ಬಂದ."

"ಆ ದನಿ ಅವನದಲ್ಲ ಕಣಮ್ಮಾ, ದೆವ್ವದ್ದು," ಎಂದು ಕಾವಲುಗಾರ ಹಿಂಜರಿದ.

"ದೆವ್ವ ಆಗಿದ್ರೂ ನಂದೇ. ಹಾಡಲ್ಲಿ ನನ್ ಹೆಸ್ರಿದೆ, ತೆಗಿ."

ಅಗುಳಿ ಸರಿಯಿತು. ಅವಳು ಕತ್ತಲಿಗೆ ಕೈ ಚಾಚಿದಳು.

ಆ ಕೈ ಹಿಡಿದು, ಹಾಡುತ್ತಲೇ, ಶತ್ರುಸೈನಿಕನೊಬ್ಬ ಮೇಲೆ ಬಂದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ.