ತೆರೆದೇ ಇದ್ದ ಸರ್ವರ್

ಡಂಕನ್ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ. ಬಿಲ್ಡ್ ಸರ್ವರ್ ಪಾಸ್‌ವರ್ಡ್ ಕೇಳಲೇ ಇಲ್ಲ. ತನ್ನೊಳಗಿನ ಕಡತವೊಂದನ್ನು ತೆಗೆದು ಅವನ ಪರದೆಯ ಮೇಲೆ ಸುರಿಯಿತು. ಮಂಗಳವಾರ ಬೆಳಿಗ್ಗೆ ಎಂಟೂಕಾಲು. ತೂತು ಇನ್ನೂ ಮುಚ್ಚಿರಲಿಲ್ಲ.

ಅವನಿಗೆ ಸಂತೋಷವಾಯಿತು. ಆಗಬಾರದಿತ್ತು, ಆದರೆ ಆಯಿತು.

ಪಿಟೋನಿ ಪಟ್ಟಣದಲ್ಲಿದ್ದ ಅವನ ಕಂಪನಿ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತನಾಳಕ್ಕೆ ಔಷಧ ಹನಿಸುವ ಪಂಪುಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಎಂಜಿನಿಯರುಗಳು ಬರೆದದ್ದನ್ನೆಲ್ಲ ಜೋಡಿಸಿ, ಪರೀಕ್ಷಿಸಿ, ಪಂಪುಗಳಿಗೆ ಕಳಿಸುವುದು ಬಿಲ್ಡ್ ಸರ್ವರಿನ ಕೆಲಸ. ಹೊರಗಿನವನೊಬ್ಬ ಅದರೊಳಗೆ ನುಗ್ಗಿ ಒಂದೇ ಒಂದು ಸಾಲು ಸೇರಿಸಿದರೂ ಸಾಕು, ಡುನೀಡನ್‌ನಿಂದ ಆಕ್ಲೆಂಡ್‌ವರೆಗೆ ಹಾಸಿಗೆ ಹಿಡಿದವರ ಪಕ್ಕಕ್ಕೆ ಅದು ತಲುಪುತ್ತದೆ. ಸೋಮವಾರ ನಸುಕಿಗೇ ಬಂದ ಎಚ್ಚರಿಕೆಯ ಮೇಲ್ ಹೇಳಿದ್ದೂ ಅದನ್ನೇ: ನಿಮ್ಮ ಸರ್ವರಿನ ಈ ಆವೃತ್ತಿಯಲ್ಲಿ ರಂಧ್ರವಿದೆ, ಇವತ್ತೇ ಮುಚ್ಚಿ.

ಮೇಲ್ ಇಡೀ ತಂಡಕ್ಕೆ ಬಂದಿತ್ತು. ಮುಚ್ಚಬೇಕಾದವಳು ಮಾತ್ರ ಲೋಸಾ ತುಯಿಮವಾವೆ.

ಹನ್ನೊಂದು ವರ್ಷ ಡಂಕನ್ ಒಬ್ಬನೇ ಸಾಕಿದ ಸರ್ವರ್ ಅದು. ಕಳೆದ ತಿಂಗಳು ಮೇಲಧಿಕಾರಿ ಮೊಯ್ರಾ ಅದರ ಕೀಲಿಗಳನ್ನೆಲ್ಲ ಅವನಿಂದ ತೆಗೆದುಕೊಂಡು, ಕಂಪನಿಗೆ ಬಂದು ಎರಡು ವರ್ಷವೂ ತುಂಬದ ಲೋಸಾಳ ಕೈಗೆ ಕೊಟ್ಟಿದ್ದಳು. ಈಗ ತಂಡಕ್ಕೊಬ್ಬರು ಮುಖ್ಯಸ್ಥರು ಬೇಕಾಗಿದ್ದರು. ಶುಕ್ರವಾರ ಹೆಸರು ಪ್ರಕಟ. ಅರ್ಜಿ ಹಾಕಿದವರು ಇವರಿಬ್ಬರೇ.

ಹತ್ತೂವರೆಯ ಚಹಾಕ್ಕೆ ಮಂಗಳವಾರವೆಂದರೆ ಡಂಕನ್ ಮಾಡಿ ತರುವ ಚೀಸ್ ಸ್ಕೋನ್, ಬೆಣ್ಣೆ ಹಾಕಿ ಬೇಯಿಸಿದ ದಪ್ಪ ಪುಟ್ಟ ಬ್ರೆಡ್ಡು. ಅದೂ ಹನ್ನೊಂದು ವರ್ಷದ ವಾಡಿಕೆ. ಆ ದಿನ ಲೋಸಾ ಪೊರಿರುವಾದ ಮನೆಯಿಂದ ಅಮ್ಮ ಮಾಡಿದ ಪಾನಿ ಪೋಪೋ ತಂದಿದ್ದಳು. ತೆಂಗಿನ ಹಾಲಿನಲ್ಲಿ ಬೆಂದ ಬನ್ನುಗಳು. ತಟ್ಟೆ ಇಡುವಷ್ಟರಲ್ಲಿ ಖಾಲಿಯಾದವು. ಸ್ಕೋನ್ ಡಬ್ಬಿಯಲ್ಲಿ ಒಂಬತ್ತು ಉಳಿದಿದ್ದವು. ಡಂಕನ್ ಎಣಿಸಿದ್ದ.

ಲೋಸಾ ಬಂದು ಒಂದು ಸ್ಕೋನ್ ತೆಗೆದುಕೊಂಡು ಅವನ ಪಕ್ಕ ನಿಂತಳು. "ಡಂಕನ್, ಸರ್ವರ್ ವಿಷಯ ಏನಾದ್ರೂ ಹೇಳೋದಿತ್ತಾ ನೀವು?"

"ನಾನ್ಯಾಕೆ ಹೇಳ್ಲಿ? ಕೀಲಿ ನಿನ್ನ ಹತ್ರ ಇದೆ."

"ಇದೆ. ಆದ್ರೂ ನಿಮಗೆ ಗೊತ್ತಿರೋಷ್ಟು ನಂಗೆ ಗೊತ್ತಿಲ್ವಲ್ಲ."

ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡು ಅವನು ಚಹಾ ಹೀರಿದ.

ಬುಧವಾರ ಬೆಳಿಗ್ಗೆ ಮತ್ತೆ ಅದೇ ಸಾಲು ಕಳಿಸಿದ. ಮತ್ತೆ ಒಳಗೆ ಹೋದ. ತನ್ನ ಕಾಲದಲ್ಲಿ ಏದುಸಿರು ಬಿಡುತ್ತ ಉತ್ತರಿಸುತ್ತಿದ್ದ ಸರ್ವರ್ ಈಗ ಕೇಳಿದ ತಕ್ಷಣ ಕೊಡುತ್ತಿತ್ತು. ಯಂತ್ರವೂ ಅವಳ ಕಡೆಗೇ ಸೇರಿತಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಅವಳ ಹೆಸರಿನ ಫೋಲ್ಡರ್ ತೆರೆದ, ಏನಾದರೂ ಹುಳುಕು ಸಿಗಲಿ ಎಂದು. ಖಾಲಿ. ಪಕ್ಕದ್ದೂ ಖಾಲಿ. ಮನೆಯೆಲ್ಲ ಗುಡಿಸಿ ಒರೆಸಿ, ಬಾಗಿಲು ಹಾಕುವುದನ್ನೇ ಮರೆತಿದ್ದಾಳೆ ಮಹಾತಾಯಿ.

ಒಂದು ಮಾತು ಹೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಅವನ ಅಕ್ಕನೇ ಕಳೆದ ಚಳಿಗಾಲದಲ್ಲಿ ಅಂಥ ಪಂಪಿನ ಪಕ್ಕ ಮೂರು ವಾರ ಮಲಗಿದ್ದಳು. ಅದು ನೆನಪಾಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವನು ನುಂಗಿಕೊಂಡ. ಇನ್ನೆರಡೇ ದಿನ ತಾನೇ.

ಗುರುವಾರ ಸಂಜೆ ಲಿಫ್ಟಿನ ಬಳಿ ಲೋಸಾ ತಡೆದು ನಿಲ್ಲಿಸಿದಳು. ನಿದ್ದೆಗೆಟ್ಟ ಮುಖ.

"ನಾಳೆ ಹತ್ತಕ್ಕೆ ನಾನು ಸರ್ವರ್ ವರದಿ ಕೊಡ್ಬೇಕು. ಅದಕ್ಕೆ ಮುಂಚೆ ಏನಾದ್ರೂ ಇದ್ರೆ ಹೇಳ್ಬಿಡಿ ಡಂಕನ್. ನಮ್ಮಿಬ್ಬರಲ್ಲೇ ಇರುತ್ತೆ."

"ಯಾಕೆ, ಭಯ ಆಗ್ತಿದ್ಯಾ?"

"ಹೂಂ," ಎಂದಳು. "ತುಂಬಾ."

ಮನೆ ತಲುಪುವವರೆಗೂ ಡಂಕನ್ ರೈಲಿನಲ್ಲಿ ತನ್ನಷ್ಟಕ್ಕೆ ನಗುತ್ತಿದ್ದ. ವರ್ಷವಿಡೀ ಅವನಿಗೆ ಅಷ್ಟು ಹಗುರ ಅನಿಸಿರಲಿಲ್ಲ.

ಶುಕ್ರವಾರ ಹತ್ತಕ್ಕೆ ಮೊಯ್ರಾಳ ಕೋಣೆಯಲ್ಲಿ ಮೂವರೂ ಕೂತರು. ಲೋಸಾಳ ವರದಿ ಮೇಜಿನ ಮೇಲಿತ್ತು.

"ಹೆಸರು ಹೇಳೋಕೆ ಮುಂಚೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಮೊಯ್ರಾ ಕೇಳಿದಳು.

"ನಂಗಿದೆ," ಎಂದ ಡಂಕನ್. "ಸೋಮವಾರದಿಂದ ಸರ್ವರ್ ಬಾಯಿ ತೆರ್ಕೊಂಡು ಕೂತಿದೆ. ಇವಳು ಅದನ್ನ ಮುಟ್ಟೇ ಇಲ್ಲ. ಪಂಪ್ ಹಾಕಿಸ್ಕೊಂಡು ಮಲಗಿರೋರ ಗತಿ ಏನು ಅಂತ ಯೋಚಿಸಿದ್ದಾಳಾ ಕೇಳು."

"ತೆರೆದಿದೆ ಅಂತ ನಿಂಗೆ ಹೇಗೆ ಗೊತ್ತು?"

"ದಿನಾ ನಾನೇ ನೋಡ್ತಿದ್ದೀನಿ. ಇವತ್ತು ಬೆಳಿಗ್ಗೆನೂ ಒಳಗೆ ಹೋಗಿ ಬಂದೆ."

ಲೋಸಾ ಕಣ್ಣು ಮುಚ್ಚಿಕೊಂಡಳು. ಡಂಕನ್ ಅದನ್ನು ನೋಡಿ ತೃಪ್ತನಾದ.

ಮೊಯ್ರಾ ವರದಿಯನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: "ಲೋಸಾ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೇ ಸರ್ವರ್ ಸರಿ ಮಾಡಿ ಬೇರೆ ವಿಳಾಸಕ್ಕೆ ಸಾಗಿಸಿದ್ಲು. ಹಳೇ ವಿಳಾಸದಲ್ಲಿ ಇರೋದು ಬರೀ ನಕಲು. ಯಾರು ನುಗ್ತಾರೆ ನೋಡೋಣ ಅಂತ ಇಟ್ಟ ಬೋನು. ನಮ್ಮಿಬ್ಬರನ್ನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಯಾವ ಮೇಜಿನಿಂದ ಎಷ್ಟು ಹೊತ್ತಿಗೆ ಬಂದ್ರು ಅನ್ನೋದೆಲ್ಲ ಅದ್ರಲ್ಲಿ ದಾಖಲಾಗುತ್ತೆ. ಆ ದಾಖಲೆ ನೋಡಿ ವರದಿ ಬರೆಯೋ ಕೆಲಸ ಲೋಸಾದು."

ಡಂಕನ್ ಮೊಯ್ರಾಳ ಮುಖ ನೋಡಿದ. ಆದರೆ ಮೊಯ್ರಾ ಅವನತ್ತ ನೋಡುತ್ತಿರಲಿಲ್ಲ. ಲೋಸಾಳ ಕಡೆ ತಿರುಗಿ, ವರದಿಯ ಕೊನೆಯ ಪುಟವನ್ನು ಬಿಡಿಸಿ ಮೂವರಿಗೂ ಕಾಣುವಂತೆ ಇಟ್ಟಳು.

ನುಗ್ಗಿದವರ ಹೆಸರು ಬರೆಯಬೇಕಾದ ಜಾಗದಲ್ಲಿ ಲೋಸಾ ಬರೆದಿದ್ದಳು: "ಯಾರೂ ಬರಲಿಲ್ಲ."